ಹಿತ್ತಾಳೆಯ ಕೂಸು

"ಅಲ್ಲಿ ಬೇಡ, ಅಲ್ಲಿ ಬೇಡ! ಇನ್ನೂ ಸ್ವಲ್ಪ ಮುಂದೆ ಹೋಗಿ," ಎಂದು ಗ್ಯಾರಡ್ ಪಿಸುದನಿಯಲ್ಲೇ ಕೂಗಿದರು.

ಶವಪೆಟ್ಟಿಗೆ ಇಳಿಸಲು ಅರ್ಧ ಬಗ್ಗಿದ್ದವರು ಹಾಗೇ ನಿಂತುಬಿಟ್ಟರು. ಮುಂದಿದ್ದ ದಢೂತಿ ಆಸಾಮಿಯ ಕತ್ತಿನ ನರ ಉಬ್ಬಿತ್ತು.

"ಮತ್ತೇನಾಯ್ತು ಸ್ವಾಮಿ? ಕೈ ಬಿದ್ದುಹೋಗ್ತಾ ಇದೆ."

"ಜಮಖಾನದ ಕೆಳಗೆ ಹಳೇ ಹಿತ್ತಾಳೆ ಫಲಕ ಇದೆ ಕಣಯ್ಯ. ಅದರ ಮೇಲೆ ಭಾರ ಹಾಕೋ ಹಾಗಿಲ್ಲ."

ಪೆಟ್ಟಿಗೆ ಇಡುವ ಮರದ ಸ್ಟ್ಯಾಂಡುಗಳನ್ನು ಯಾರೋ ಕಲ್ಲುಹಾಸಿನ ಮೇಲೆ ಕಿರ್ರೆಂದು ಎಳೆದು ಮುಂದೆ ಹಾಕಿದರು. ಪೆಟ್ಟಿಗೆ ಒಂದು ಕಡೆಗೆ ವಾಲಿ, ಮತ್ತೆ ನೆಟ್ಟಗಾಗಿ, ಕೊನೆಗೂ ಕೂತಿತು.

ಮೊದಲ ಸಾಲಿನಲ್ಲಿ ಅಪ್ಪನ ಪಕ್ಕ ಕೂತಿದ್ದ ಜಿಲಿಯನ್‌ಗೆ ಎದ್ದು ಹೋಗಿ ಗ್ಯಾರಡ್‌ರ ಕೋಟು ಹಿಡಿದು ಜಗ್ಗಬೇಕೆನಿಸಿತು. ಗ್ಯಾರಡ್ ಚರ್ಚಿನ ಉಸ್ತುವಾರಿ ನೋಡಿಕೊಳ್ಳುವವರು. ಬೀಗದ ಕೈ, ಸೋರುವ ಮಾಡು, ಗಂಟೆಯ ಹಗ್ಗ ಎಲ್ಲವೂ ಅವರ ಪಾಲಿನದೇ. ಕೆಟ್ಟ ಮನುಷ್ಯರೇನಲ್ಲ. ಆದರೆ ಬದುಕಿದ್ದಾಗ ಅಮ್ಮನನ್ನು ಆ ಫಲಕದಿಂದ ದೂರ ಮಾಡಿದವರು ಅವರೇ. ಈಗ ಪೆಟ್ಟಿಗೆಯಲ್ಲಿ ಮಲಗಿ ಬಂದವಳನ್ನೂ ಅಲ್ಲಿ ಒಂದು ಗಳಿಗೆ ನಿಲ್ಲಗೊಡಲಿಲ್ಲ.

ಅಪ್ಪ ಪರ್ಸಿ ಇದಾವುದನ್ನೂ ಗಮನಿಸಿದಂತಿರಲಿಲ್ಲ. ತೊಡೆಯ ಮೇಲಿಟ್ಟುಕೊಂಡ ತನ್ನ ಕೈಗಳನ್ನೇ, ಯಾರದೋ ಕೈಗಳೆಂಬಂತೆ, ನೋಡುತ್ತ ಕೂತಿದ್ದ.

ಜನ ಹೆಚ್ಚಿರಲಿಲ್ಲ. ಎಡ್ನಾ ಕ್ಯಾಚ್‌ಪೋಲ್ ಇಂಗ್ಲೆಂಡಿನ ಸಫೋಕ್ ಸೀಮೆಯ ಈ ಹಳ್ಳಿಯಲ್ಲೇ ಹುಟ್ಟಿ, ಬಾರ್ಲಿ ಮೊಳಕೆ ಹಾಕುವ ಕಾರ್ಖಾನೆಯ ಕೆಲಸಗಾರನನ್ನು ಮದುವೆಯಾಗಿ, ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದು, ಇಲ್ಲೇ ಮುದುಕಿಯಾದವಳು. ಅವಳ ಓರಗೆಯವರು ಬಹುಪಾಲು ಆಗಲೇ ಹೊರಗೆ ಹುಲ್ಲಿನ ಕೆಳಗಿದ್ದರು.

ಪಾದ್ರಿಯಮ್ಮ ಈ ಭಾಗಕ್ಕೆ ಹೊಸಬಳು. ಎಡ್ನಾಳನ್ನು ಕಂಡವಳೇ ಅಲ್ಲ. ಜಿಲಿಯನ್ ಫೋನಿನಲ್ಲಿ ಹೇಳಿದ್ದನ್ನೇ ಜೋಡಿಸಿಕೊಂಡು ಮಾತಾಡಿದಳು.

"ಎಡ್ನಾ ಅವರು ನೆಚ್ಚಿನ ಹೆಂಡತಿ, ಒಬ್ಬಳೇ ಮಗಳ ತಾಯಿ. ಎಷ್ಟೋ ವರ್ಷ ಈ ಚರ್ಚಿನ ಹಿತ್ತಾಳೆಯನ್ನೆಲ್ಲ ತಮ್ಮ ಕೈಯಾರೆ ಬೆಳಗಿದವರು. ಇವತ್ತು ದೇವರ ಬೆಳಕು ಅವರ ಮುಖದ ಮೇಲೆ ಬೀಳಲಿ."

ಹಿಂದಿನ ಬೆಂಚಿನಲ್ಲಿದ್ದ ಐವಿ ಚಿಕ್ಕಮ್ಮ ಒಮ್ಮೆಲೇ ಜೋರಾಗಿ ಕೆಮ್ಮಿದಳು. ಗ್ಯಾರಡ್ ತಲೆಯೆತ್ತಿ ಮಾಡಿನ ತೊಲೆಗಳನ್ನು ನೋಡತೊಡಗಿದರು.

* * *

ಶನಿವಾರ ಬಂತೆಂದರೆ ಅಮ್ಮ ಏಪ್ರನ್ ಕಟ್ಟಿಕೊಂಡು, ಪಾಲಿಶ್ ಡಬ್ಬಿ, ಹಳೇ ಬನಿಯನ್ನಿನ ಚಿಂದಿಗಳನ್ನು ಬುಟ್ಟಿಗೆ ಹಾಕಿಕೊಂಡು ಚರ್ಚಿಗೆ ಹೊರಡುತ್ತಿದ್ದಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ್ದಕ್ಕೆ ಪುಟ್ಟ ಜಿಲಿಯನ್‌ಳನ್ನೂ ಎಳೆದುಕೊಂಡು ಹೋಗುತ್ತಿದ್ದಳು. ಮೊದಲು ಮೇಣದಬತ್ತಿಯ ಕಂಬಗಳು, ಆಮೇಲೆ ಬೈಬಲ್ ಇಟ್ಟು ಓದುವ, ರೆಕ್ಕೆ ಚಾಚಿದ ಹಿತ್ತಾಳೆ ಹದ್ದು. ಇಷ್ಟನ್ನೂ ಅಮ್ಮ ಪಾತ್ರೆ ತಿಕ್ಕಿದ ಹಾಗೆ ಸರಸರ ತಿಕ್ಕಿ ಮುಗಿಸುವಳು. ಕೊನೆಗೆ ಜಮಖಾನ ಸುತ್ತಿಟ್ಟು ನೆಲದ ಫಲಕದ ಮುಂದೆ ಮೊಣಕಾಲೂರಿದರೆ ಮಾತ್ರ ಅವಳ ಕೈ ನಿಧಾನವಾಗುತ್ತಿತ್ತು.

ಕಲ್ಲಿನಲ್ಲಿ ಕೂರಿಸಿದ ಆ ಹಿತ್ತಾಳೆ ತಗಡಿನಲ್ಲಿ ಆಲ್ಗರ್ ಎಂಬ ಹಳೇ ಜಮೀನ್ದಾರ ಮನೆತನದವರು ಕೈ ಜೋಡಿಸಿ ನಿಂತಿದ್ದರು. ನೂರಾರು ವರ್ಷದ ಕೆಳಗಿನವರು. ಗಂಡ, ಹೆಂಡತಿ, ಗಂಡನ ಕಾಲ ಬಳಿ ಗಂಡುಮಕ್ಕಳ ಸಾಲು, ಹೆಂಡತಿಯ ಲಂಗದ ಬಳಿ ಹೆಣ್ಣುಮಕ್ಕಳ ಸಾಲು. ಹೆಣ್ಣುಮಕ್ಕಳ ಸಾಲಿನ ತುದಿಯಲ್ಲಿ ಅಡ್ಡಡ್ಡ ಬಟ್ಟೆ ಸುತ್ತಿದ ಒಂದು ಎಳೆ ಕೂಸು. ಹೊರಗೆ ಕಾಣುವುದು ಗುಂಡಗಿನ ಮುಖವೊಂದೇ. ಅಮ್ಮ ಚಿಂದಿಯನ್ನು ಕಿರುಬೆರಳಿಗೆ ಸುತ್ತಿಕೊಂಡು ಆ ಮುಖವನ್ನು ಉಜ್ಜುವಳು, ಉಜ್ಜುವಳು, ಉಜ್ಜುತ್ತಲೇ ಇರುವಳು.

"ಇದರ ಹೆಸರೇನಮ್ಮ?" ಎಂದು ಒಮ್ಮೆ ಜಿಲಿಯನ್ ಕೇಳಿದ್ದಳು.

"ಹೆಸರಿಲ್ಲ ಪುಟ್ಟಿ. ಹೆಸರಿಡೋ ಮೊದಲೇ ಹೊರಟುಹೋಯ್ತು."

"ಹೆಸರಿಲ್ಲದಿದ್ರೆ ಯಾಕೆ ಬರೆಸಿದ್ದಾರೆ?"

ಅಮ್ಮ ಕೈ ನಿಲ್ಲಿಸಿದಳು. "ಅದೇ ನೋಡು. ಹೆಸರಿಲ್ಲದಿದ್ದರೂ ಸಾಲಲ್ಲಿ ಸೇರಿಸಿಕೊಂಡಿದ್ದಾರೆ."

ಇನ್ನೊಂದು ಶನಿವಾರ ಆಡಲು ಯಾರೂ ಇಲ್ಲದೆ ಜಿಲಿಯನ್ ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದವಳು, ಧುಡುಮ್ಮನೆ ಬೂಟುಗಾಲಲ್ಲಿ ಕೂಸಿನ ಮೇಲೆಯೇ ಇಳಿದುಬಿಟ್ಟಳು. ಕೆನ್ನೆಗೆ ಫಳಾರನೆ ಏಟು ಬಿತ್ತು. ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ಅಮ್ಮ ಅವಳ ಮೇಲೆ ಕೈ ಮಾಡಿದ್ದಿಲ್ಲ. ಅಳುವುದನ್ನೂ ಮರೆತು ನಿಂತ ಹುಡುಗಿಗೆ ತನ್ನ ಕೆನ್ನೆಯಿಂದಲೇ ಪಾಲಿಶ್ ವಾಸನೆ ಬರುತ್ತಿತ್ತು. ಅಮ್ಮ ಅವಳನ್ನು ಸಮಾಧಾನ ಮಾಡಲಿಲ್ಲ. ಬಗ್ಗಿ, ಫಲಕದ ಮೇಲಿನ ಮಣ್ಣನ್ನು ತನ್ನ ತೋಳಿನಿಂದಲೇ ಒರೆಸಿದಳು.

ಅವತ್ತಿನಿಂದ ಜಿಲಿಯನ್‌ಗೆ ಆ ಕೂಸಿನ ಮೇಲೆ ಹೊಟ್ಟೆಕಿಚ್ಚು. ಇದನ್ನು ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ.

* * *

ಗುಂಡಿಯ ಬಳಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಬೇಲಿಯಾಚೆ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ತುಂಬಿದ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದುದರಿಂದ ಪಾದ್ರಿಯಮ್ಮನ ಮಾತು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಎಲ್ಲರೂ ಹಿಡಿಮಣ್ಣು ಹಾಕಿದರು. ಅಪ್ಪ ಮಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಜಿಲಿಯನ್ ಮೆಲ್ಲಗೆ ಅವನ ಬೆರಳುಗಳನ್ನು ಬಿಡಿಸಿದ ಮೇಲೆ ಮಣ್ಣು ಉದುರಿತು.

ಮನೆಯಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್, ಒಣಹಣ್ಣಿನ ಕೇಕು, ಟೀ, ಕುಡಿಯುವವರಿಗೆ ಶೆರ್ರಿ ಇತ್ತು. ಪಾದ್ರಿಯಮ್ಮ ಒಂದು ತುಂಡು ಕೇಕನ್ನು ನಿಂತೇ ತಿಂದು, ಮುಂದಿನ ಊರಲ್ಲಿ ಮದುವೆ ಇದೆಯೆಂದು ಕಾರು ಹತ್ತಿ ಹೋದಳು.

"ಏಳು ಚರ್ಚಿಗೆ ಒಬ್ಬಳೇ ಪಾದ್ರಿ," ಎಂದು ಐವಿ ಚಿಕ್ಕಮ್ಮ ಲೋಟಕ್ಕೆ ಮತ್ತಷ್ಟು ಶೆರ್ರಿ ಬಗ್ಗಿಸಿಕೊಂಡಳು. "ನಾನು ಸತ್ತಾಗ ಫೋನಲ್ಲೇ ಮಣ್ಣು ಮಾಡ್ತಾಳೆ, ನೋಡ್ತಾ ಇರು."

ಇಬ್ಬರು ಮುದುಕಿಯರು ನಕ್ಕರು. ಆಮೇಲೆ ಯಾವ ಮನೆಯಲ್ಲಿ ಕೂತಿದ್ದೇವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು.

ಗ್ಯಾರಡ್ ತಟ್ಟೆ ಹಿಡಿದುಕೊಂಡು ಜಿಲಿಯನ್ ಬಳಿ ಬಂದರು. ತಟ್ಟೆಯಲ್ಲಿದ್ದುದನ್ನು ಮುಟ್ಟಿರಲಿಲ್ಲ. "ಜಿಲಿಯನ್, ಅವತ್ತು ನಾನು ಬೇರೆ ರೀತಿ ಹೇಳಬಹುದಿತ್ತು ಅನ್ಸುತ್ತೆ. ನಿನ್ನ ತಾಯಿ ಮನಸ್ಸಿಗೆ ಅಷ್ಟು ಹಚ್ಚಿಕೊಳ್ತಾರೆ ಅಂತ ಗೊತ್ತಿರಲಿಲ್ಲ."

"ಹೋಗಲಿ ಬಿಡಿ," ಎಂದಳು ಜಿಲಿಯನ್.

ಚಿಕ್ಕಮ್ಮ ಬಿಡಲಿಲ್ಲ. "ಫಲಕ ಸುಖವಾಗಿದೆಯೇನ್ರಿ, ಗ್ಯಾರಡ್?"

"ಈಗ ಅದಕ್ಕೆ ಯಾರೂ ಕೈ ಹಚ್ಚಲ್ಲ, ಐವಿ."

"ಇನ್ಯಾರು ಹಚ್ತಾರೆ? ಹಚ್ಚೋಳು ಹೋದಳಲ್ಲ."

ಗ್ಯಾರಡ್ ತಟ್ಟೆಯನ್ನು ಮೇಜಿನ ಮೇಲಿಟ್ಟು, ಅಪ್ಪನನ್ನು ಹುಡುಕುವವರಂತೆ ಅತ್ತಿತ್ತ ನೋಡಿ, ಹ್ಯಾಟು ತೆಗೆದುಕೊಂಡು ಹೊರಟರು.

* * *

ಗ್ಯಾರಡ್ ಹೇಳಿದ ಆ ದಿನ ಜಿಲಿಯನ್ ಚರ್ಚಿನಲ್ಲೇ ಇದ್ದಳು. ಅಮ್ಮನ ಮೊಣಕಾಲು ನೋವು ಹೆಚ್ಚಾಗಿ ನಡೆಯಲಾರದಾಗಿದ್ದರಿಂದ ಪಕ್ಕದ ಪಟ್ಟಣದಿಂದ ಬಂದು ಅವಳೇ ಕಾರಿನಲ್ಲಿ ಚರ್ಚಿಗೆ ಕರೆತಂದಿದ್ದಳು. ಒಳಗೆ ಗ್ಯಾರಡ್ ಜೊತೆ ಹಳೇ ಫಲಕಗಳ ಪರೀಕ್ಷೆ ಮಾಡುವ ಒಬ್ಬ ತರುಣ ನೆಲದ ಮೇಲೆ ಬೋರಲು ಮಲಗಿ ಟಾರ್ಚು ಬಿಡುತ್ತಿದ್ದ.

"ಉಳಿದವರೆಲ್ಲ ಎಷ್ಟು ಚೆನ್ನಾಗಿದ್ದಾರೆ ನೋಡಿ," ಎನ್ನುತ್ತಿದ್ದ ಅವನು. "ಈ ಹುಡುಗಿಯ ರೆಪ್ಪೆ ಕೂಡ ಕಾಣುತ್ತೆ. ಆದ್ರೆ ಈ ಕೂಸು... ಇಲ್ಲಿ ಬನ್ನಿ, ಬೆರಳಿಟ್ಟು ನೋಡಿ."

ಗ್ಯಾರಡ್ ಬೆರಳಿಟ್ಟರು. "ನುಣ್ಣಗಿದೆ."

"ಚಮಚದ ಬೆನ್ನಿನ ಹಾಗಿದೆ. ಕಣ್ಣು, ಮೂಗು, ಬಾಯಿ ಒಂದೂ ಉಳಿದಿಲ್ಲ. ಪಾಲಿಶ್ ಅಂದ್ರೆ ಉಪ್ಪುಕಾಗದ ಇದ್ದ ಹಾಗೆ ಸಾರ್. ಇಷ್ಟು ಶತಮಾನ ಉಳಿದು ಬಂದದ್ದನ್ನ ಯಾರೋ ಪುಣ್ಯಾತ್ಮರು ತಿಕ್ಕಿ ತಿಕ್ಕಿ ಅಳಿಸಿ ಹಾಕಿದ್ದಾರೆ. ಯಾರು ಮಾಡಿದ್ದು ಇದನ್ನ?"

"ನಾನು," ಎಂದಳು ಅಮ್ಮ.

ತರುಣ ತಿರುಗಿ ನೋಡಿದ. ಬಾಗಿಲ ಬಳಿ ಬುಟ್ಟಿ ಹಿಡಿದು ನಿಂತ ಮುದುಕಿಯನ್ನು ಕಂಡು ಅವನ ಕಿವಿಯವರೆಗೂ ಕೆಂಪೇರಿತು. ನೀವು ಬೇಕೆಂದು ಮಾಡಿದ್ದಲ್ಲ, ಆಗ ಯಾರಿಗೂ ತಿಳಿದಿರಲಿಲ್ಲ ಎಂದು ಏನೇನೋ ತೊದಲಿದ. ಗ್ಯಾರಡ್, "ಎಡ್ನಾ, ಇನ್ನು ಮೇಲೆ ಇದರ ತಂಟೆಗೆ ಹೋಗಬೇಡಿ. ಕಂಬ, ಹದ್ದು ಮಾಡಿಕೊಂಡು ಹೋಗಿ, ಸಾಕು," ಎಂದರು.

ಅಮ್ಮ ಹತ್ತಿರ ಹೋಗಿ, ನೋವಿನ ಮೊಣಕಾಲನ್ನು ಬೆಂಚು ಹಿಡಿದು ಮಡಚಿ, ಕೂತಳು. ಟಾರ್ಚಿನ ಬೆಳಕಿನಲ್ಲಿ ಬಹಳ ಹೊತ್ತು ನೋಡಿದಳು. ಪ್ರತಿ ವಾರ ನೋಡಿದ್ದನ್ನೇ ಈಗ ಮೊದಲ ಸಲ ನೋಡುವಂತಿತ್ತು. ಆಮೇಲೆ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದು ಬಂದಳು.

ಕಾರಿನಲ್ಲಿ ಜಿಲಿಯನ್, "ಹೋಗ್ಲಿ ಬಿಡಮ್ಮ, ಒಂದು ಹಿತ್ತಾಳೆ ಚೂರು ತಾನೆ," ಎಂದಳು. ಅದನ್ನು ಹೇಳುವಾಗ ಮನಸ್ಸಿನ ಮೂಲೆಯಲ್ಲಿ ಸ್ವಲ್ಪ ಹಗುರವೂ ಅನಿಸಿತ್ತು.

"ಮುಖ ಹೋಯ್ತು ಕಣೇ," ಎಂದಳು ಅಮ್ಮ. "ನಾನೇ ಉಜ್ಜಿ ಹಾಕಿಬಿಟ್ಟೆ."

ಅದಾದ ಮೇಲೆ ಅವಳು ಚರ್ಚಿನ ಒಳಗೆ ಕಾಲಿಟ್ಟದ್ದು ಇಲ್ಲ. ಕ್ರಿಸ್‌ಮಸ್ಸಿಗೂ ಹೋಗಲಿಲ್ಲ. ಕೇಳಿದರೆ ಕಾಲು ನೋವು ಎನ್ನುತ್ತಿದ್ದಳು.

* * *

ಬಂದವರು ಒಬ್ಬೊಬ್ಬರಾಗಿ ಹೋದ ಮೇಲೆ ಚಿಕ್ಕಮ್ಮ ಅಡುಗೆಮನೆಯಲ್ಲಿ ಕಪ್ಪು ತೊಳೆಯಲು ನಿಂತಳು. ಜಿಲಿಯನ್ ಒರೆಸಿ ಕಪಾಟಿಗೆ ಸೇರಿಸುತ್ತಿದ್ದಳು.

"ಒಬ್ಬಳೇ ಮಗಳ ತಾಯಂತೆ," ಎಂದು ಚಿಕ್ಕಮ್ಮ ನೀರಿನತ್ತ ಬಗ್ಗಿಯೇ ಗೊಣಗಿದಳು. "ನೀನು ಹೇಳಿಕೊಟ್ಟಿದ್ದಾ ಅದನ್ನ?"

"ಮತ್ತೇನು ಹೇಳಬೇಕಿತ್ತು?"

ಚಿಕ್ಕಮ್ಮ ನಲ್ಲಿ ನಿಲ್ಲಿಸಿದಳು. "ನಿಜವಾಗ್ಲೂ ನಿಂಗೆ ಯಾರೂ ಹೇಳಿಲ್ವಾ? ನಿನ್ನ ಅಪ್ಪ? ಅವಳು? ಯಾರೂ?"

"ಏನನ್ನ ಚಿಕ್ಕಮ್ಮ?"

"ನಿನಗಿಂತ ಮೊದಲು ಒಬ್ಬನಿದ್ದ ಕಣೇ. ಗಂಡು. ಪಟ್ಟಣದ ಆಸ್ಪತ್ರೆಯಲ್ಲಿ ಹೆರಿಗೆ. ಉಸಿರಿಲ್ಲದೇ ಹುಟ್ಟಿದ. ಎಡ್ನಾಗೆ ಕಣ್ಣಲ್ಲೂ ತೋರಿಸಲಿಲ್ಲ ಆ ಪಾಪಿಗಳು. ಬಟ್ಟೆ ಸುತ್ತಿ ಎತ್ತಿಕೊಂಡು ಹೋದರಂತೆ. ಆಗ ಹಾಗೇ ಮಾಡ್ತಿದ್ರು, ನೋಡಿದ್ರೆ ಮರೆಯೋದು ಕಷ್ಟ ಅಂತ. ಹಾಲು ಮಾತ್ರ ಬಂತು. ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದು ನಾನೇ. ಅವಳು ಅಳಲೇ ಇಲ್ಲ. ಬಂದವರನ್ನೆಲ್ಲ ಒಂದೇ ಕೇಳ್ತಿದ್ದಳು, ಮುಖ ಯಾರ ಹಾಗಿತ್ತು ಅಂತ."

ಜಿಲಿಯನ್‌ಳ ಕೈಯಲ್ಲಿದ್ದ ಕಪ್ಪು ಒಣಗಿತ್ತು. ಅವಳು ಇನ್ನೂ ಒರೆಸುತ್ತಲೇ ಇದ್ದಳು.

"ಎಲ್ಲಿ ಮಣ್ಣು ಮಾಡಿದ್ರು?"

"ಅದನ್ನ ನಿಮ್ಮಪ್ಪನ್ನ ಕೇಳು. ಮುಖ ನೋಡಿದೋನು ಅವನೊಬ್ಬನೇ."

* * *

ಅಪ್ಪ ಹಿತ್ತಲಲ್ಲಿ ಕೋಸಿನ ಮಡಿಯ ಪಕ್ಕ ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದ. ಕರಿ ಸೂಟಿನ ಮೇಲೆ, ಅಮ್ಮ ತೋಟದ ಕೆಲಸಕ್ಕೆ ಹಾಕುತ್ತಿದ್ದ ಸ್ವೆಟರು ಹಾಕಿಕೊಂಡಿದ್ದ. ಜಿಲಿಯನ್ ಅವನೆದುರು ನಿಂತಳು.

"ಚಿಕ್ಕಮ್ಮ ಹೇಳಿದಳು."

ಅಪ್ಪ ಮೆಲ್ಲಗೆ ತಲೆಯಾಡಿಸಿದ. "ಅವಳ ಬಾಯಲ್ಲಿ ಇಷ್ಟು ಕಾಲ ನಿಂತದ್ದೇ ಹೆಚ್ಚು."

"ನೀನು ಅವನನ್ನ ನೋಡಿದೆಯಂತೆ."

"ನೋಡಿದೆ. ಕಾರಿಡಾರಿನಲ್ಲಿ. ನರ್ಸು ಬಟ್ಟೆ ಸರಿಸಿ ತೋರಿಸಿದಳು."

"ಅಮ್ಮನಿಗೆ ಯಾಕೆ ಹೇಳಲಿಲ್ಲ?"

"ಡಾಕ್ಟರು ಬೇಡ ಅಂದರು. ಮಾತೆತ್ತಿದರೆ ಹುಣ್ಣು ಕೆರೆದ ಹಾಗೆ, ಬೇಗ ಇನ್ನೊಂದು ಮಾಡಿಕೊಳ್ಳಿ ಅಂದರು. ನನಗೇನು ತಿಳೀತಿತ್ತು? ಹುಡುಗ ನಾನು. ಅವಳು ಮನೆಗೆ ಬಂದ ದಿನ ಕೇಳಿದಳು. ಮರೆತುಬಿಡು ಎಡ್ನಾ ಅಂದೆ. ಮತ್ತೆ ಕೇಳಲಿಲ್ಲ."

"ಯಾವತ್ತೂ?"

ಅಪ್ಪ ಒಂದು ಹಳದಿಯಾದ ಎಲೆಯನ್ನು ಕಿತ್ತು ಮಡಚಿದ, ಮತ್ತೆ ಮಡಚಿದ.

"ಕೊನೇ ಸಲ ಆಸ್ಪತ್ರೆಯಲ್ಲಿದ್ದಾಗ ಕೇಳಿದಳು. ನೀನು ಟೀ ತರೋಕೆ ಹೋಗಿದ್ದೆ. ಮೂಗಿನ ಆ ಕೊಳವೆ ಪಕ್ಕಕ್ಕೆ ಸರಿಸಿ ಹಿಡಿದುಕೊಂಡು, ಪರ್ಸಿ, ಈಗಲಾದರೂ ಹೇಳು, ಅವನ ಮುಖ ಹೇಗಿತ್ತು ಅಂದಳು."

"ಹೇಳಿದೆಯಾ?"

"ಹೇಳೋಣ ಅಂತಲೇ ಬಾಯಿ ತೆರೆದೆ." ಮಡಚಿದ ಎಲೆಯನ್ನು ಕೆಳಗೆ ಹಾಕಿದ. "ನೆನಪಿಗೆ ಬರಲಿಲ್ಲ ಕಣಮ್ಮ. ನರ್ಸಿನ ಬೂಟು ನೆನಪಿದೆ. ಗೋಡೆಗೆ ಬಳಿದಿದ್ದ ಹಸಿರು ನೆನಪಿದೆ. ಬಟ್ಟೆಯ ಅಂಚಲ್ಲಿ ನೀಲಿ ಗೆರೆ ಇತ್ತು, ಅದೂ ನೆನಪಿದೆ. ಆ ಬಟ್ಟೆಯೊಳಗೆ ನೋಡಿದರೆ ಏನೂ ಇಲ್ಲ. ಯಾವಾಗ ಹೋಯ್ತೋ ಗೊತ್ತೇ ಆಗಲಿಲ್ಲ. ಇದೆ ಅಂತಲೇ ಇದ್ದೆ."

ಪಕ್ಕದ ಮನೆಯವರ ರೇಡಿಯೋದಲ್ಲಿ ಫುಟ್‌ಬಾಲ್ ಆಟದ ಗದ್ದಲ ಕೇಳುತ್ತಿತ್ತು.

"ಏನಾದರೂ ಹೇಳಿಬಿಡಬೇಕಿತ್ತು ಅಪ್ಪ. ನಿನ್ನ ಹಾಗೇ ಇದ್ದ ಅಂತಲೋ, ನಿನ್ನದೇ ಮೂಗು ಅಂತಲೋ. ಅವಳಿಗೆ ಹೇಗೆ ಗೊತ್ತಾಗ್ತಿತ್ತು?"

"ಈಗ ದಿನಾ ಅವಳಿಗೆ ಮನಸ್ಸಲ್ಲೇ ಹೇಳ್ತೀನಿ. ನಿನ್ನ ಗಲ್ಲ, ನನ್ನ ಹಣೆ, ತಲೆ ತುಂಬ ಕೂದಲು ಅಂತ. ಆಗ ಹೊಳೆಯಲಿಲ್ಲ. ಅವಳು ನನ್ನ ಬಾಯನ್ನೇ ನೋಡ್ತಾ ಇದ್ದಳು. ಎಷ್ಟು ಹೊತ್ತು ನೋಡಿದಳೋ! ಆಮೇಲೆ, ಸರಿ ಬಿಡು ಅಂದಳು. ಗೋಡೆ ಕಡೆ ತಿರುಗಿಕೊಂಡಳು. ನೀನು ಟೀ ತಂದಾಗ ನಿದ್ದೆ ಬಂದಿದೆ ಅಂದೆನಲ್ಲ, ನಿದ್ದೆ ಇರಲಿಲ್ಲ, ಎಚ್ಚರವಾಗೇ ಇದ್ದಳು."

ಜಿಲಿಯನ್ ನೆಲದ ಮೇಲೆ, ಒದ್ದೆ ಮಣ್ಣಿನಲ್ಲೇ, ಕೂತಳು. ಅಪ್ಪನಿಗೆ ಬೈಯಬೇಕೆಂದು ಬಂದಿದ್ದ ಮಾತು ಎಲ್ಲಿ ಹೋಯಿತೋ ತಿಳಿಯಲಿಲ್ಲ. "ಎಲ್ಲಿದ್ದಾನೆ ಅವನು?" ಎಂದು ಕೇಳಿದಳು.

"ಪಟ್ಟಣದ ಸ್ಮಶಾನ. ಅಷ್ಟೇ ಗೊತ್ತು. ಆ ವಾರ ಯಾರನ್ನು ಮಣ್ಣು ಮಾಡ್ತಾ ಇದ್ದರೋ ಅವರ ಪೆಟ್ಟಿಗೆಯಲ್ಲಿ ಸೇರಿಸಿ ಬಿಡ್ತೀವಿ ಅಂದರು. ನೀವೇನೂ ಯೋಚನೆ ಮಾಡಬೇಡಿ, ಒಬ್ಬನೇ ಇರಲ್ಲ ಅಂದರು. ಯಾರ ಜೊತೆ ಅಂತ ನಾನು ಕೇಳಲಿಲ್ಲ. ಹೆಂಗಸೋ ಗಂಡಸೋ ಅದೂ ಕೇಳಲಿಲ್ಲ."

"ಯಾವಾಗ?"

"ಐವತ್ತೇಳನೇ ಇಸವಿ. ಬೀಟ್ ಕೀಳೋ ಕಾಲ. ನವೆಂಬರ್."

ಜಿಲಿಯನ್ ಎದ್ದು ಲಂಗದ ಮಣ್ಣು ಕೊಡವಿದಳು. "ಏಳು, ಹೋಗೋಣ."

"ಹೋಗಿ ಏನು ನೋಡ್ತೀಯಾ?"

"ಗೊತ್ತಿಲ್ಲ. ಏಳು."

* * *

ಪಟ್ಟಣದ ಸ್ಮಶಾನ ರೈಲು ಹಳಿಯ ಪಕ್ಕದ ಇಳಿಜಾರಿನಲ್ಲಿತ್ತು. ಹೊತ್ತು ಇಳಿಯುತ್ತಿತ್ತು. ಗೇಟು ಹಾಕುವ ಹೊತ್ತಾಯಿತೆಂದು ಕಾವಲಿನವನು ಹೇಳಿದಾಗ ಜಿಲಿಯನ್, "ಒಂದು ಸುತ್ತು ಹಾಕಿ ಬಂದುಬಿಡ್ತೀವಿ. ಇವತ್ತು ಅಮ್ಮನನ್ನ ಮಣ್ಣು ಮಾಡಿ ಬಂದಿದ್ದೀವಿ," ಎಂದಳು. ಅವನು ಇಬ್ಬರ ಕರಿ ಬಟ್ಟೆ ನೋಡಿ ದಾರಿ ಬಿಟ್ಟ.

"ಐವತ್ತೇಳರಲ್ಲಿ ಹೋದವರು ಯಾವ ಕಡೆ ಸಿಕ್ತಾರೆ?"

"ಕೆಳಗೆ, ಆ ದೊಡ್ಡ ಮರದಿಂದ ಬಲಕ್ಕೆ. ಯಾರು ಬೇಕಿತ್ತು? ಹೆಸರು ಹೇಳಿದ್ರೆ ತೋರಿಸ್ತೀನಿ."

ಜಿಲಿಯನ್ ಅಪ್ಪನ ಮುಖ ನೋಡಿದಳು. ಅಪ್ಪ ಆಗಲೇ ಮರದ ಕಡೆ ಹೊರಟಿದ್ದ.

ಸಾಲಿನ ಮೊದಲ ಕಲ್ಲಿಗೆ ಪಾಚಿ ಕಟ್ಟಿತ್ತು. ಜಿಲಿಯನ್ ಉಗುರಿನಿಂದ ಕೆರೆದು ಓದಿದಳು: ಆಡಾ ಫಿಂಚಮ್, ನವೆಂಬರ್, ಸತ್ತಾಗ ಪ್ರಾಯ ಎಂಬತ್ತೊಂದು. ಅಪ್ಪ ಟೊಪ್ಪಿ ತೆಗೆದು ಎದೆಗೆ ಹಿಡಿದು ನಿಂತ. ಸ್ವಲ್ಪ ಹೊತ್ತು ಬಿಟ್ಟು ಟೊಪ್ಪಿ ಹಾಕಿಕೊಂಡು ಪಕ್ಕದ ಕಲ್ಲಿಗೆ ಹೋದ. ಅದು ರೈಲ್ವೆಯ ಒಬ್ಬ ಸಿಗ್ನಲ್ ಕೆಲಸಗಾರನದು. ಅಲ್ಲೂ ಟೊಪ್ಪಿ ತೆಗೆದ. ಆಚೆಯದು ಅಕ್ಕತಂಗಿಯರಿಬ್ಬರದು, ನಂತರದ್ದು ಹದಿನೆಂಟರ ಹುಡುಗಿಯೊಬ್ಬಳದು. ಹುಡುಗಿಯ ಕಲ್ಲಿನ ಮುಂದೆ ಅವನು ಹೆಚ್ಚು ಹೊತ್ತು ನಿಂತ. ಜಿಲಿಯನ್ ಹೆಸರುಗಳನ್ನು ಗಟ್ಟಿಯಾಗಿ ಓದುತ್ತ ಮುಂದೆ ಹೋದಳು. ಅಪ್ಪ ಒಂದೊಂದರ ಮುಂದೆಯೂ ಟೊಪ್ಪಿ ತೆಗೆಯುತ್ತ, ಹಾಕುತ್ತ ಅವಳ ಹಿಂದೆ ಬಂದ.

ಇಳಿಜಾರಿನ ಕೆಳಗೆ ಕಲ್ಲುಗಳು ಮುಗಿದವು. ಅಲ್ಲಿಂದ ಹಳಿಯ ಬೇಲಿಯವರೆಗೆ ಬರೀ ಹುಲ್ಲು, ಅಲ್ಲಲ್ಲಿ ಒಬ್ಬ ಆಳು ಮಲಗುವಷ್ಟು ಉದ್ದಕ್ಕೆ ನೆಲ ತುಸು ಕುಸಿದಿತ್ತು. ಕಲ್ಲು ಹಾಕಿಸಲಾಗದವರ ಜಾಗ.

ಮೇಲೆ ಗೇಟಿನ ಬಳಿ ಕಾವಲಿನವನು ಗಂಟೆ ಬಾರಿಸಿದ. ತಲೆಗೆ ಏರಿಸಲೆಂದು ಎತ್ತಿದ ಟೊಪ್ಪಿಯನ್ನು ಅಪ್ಪ ಅರ್ಧದಲ್ಲೇ ಹಿಡಿದು, ಆ ಹುಲ್ಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡುತ್ತ ನಿಂತಿದ್ದ.